ನಾಲ್ಕು ಮನೆಯ ನೀಲಿ ವೈರು

ನಮ್ಮ ಮನೆಗೆ ಮೊದಲ ಸಲ ಬಂದವರು ಕೊಟ್ಟ ನೀರು ಕುಡಿದು ಲೋಟ ಕೆಳಗಿಡುವುದರೊಳಗೆ ಮೇಲೆ ನೋಡಿ ಕೇಳುತ್ತಾರೆ: "ಇದೇನ್ ಮಿಸ್, ಬಟ್ಟೆ ಒಣಗಾಕೋ ವೈರಾ?"

ಅಲ್ಲ. ಅದು ನೆಟ್ಟಿನ ವೈರು. ನಡುಮನೆಯ ಗೂಡಿನಲ್ಲಿರುವ ಹಳೇ ಕಂಪ್ಯೂಟರಿನಿಂದ ಹೊರಟು, ಅಡುಗೆಮನೆಯ ಕಿಟಕಿ ದಾಟಿ, ಸಾಲಿನ ಉಳಿದ ಮನೆಗಳಿಗೆಲ್ಲ ಹೋಗುತ್ತದೆ. ಬಟ್ಟೆ ಒಣಗಿಸುವುದಕ್ಕಲ್ಲ ಎಂದು ನಾನು ಹೇಳುತ್ತೇನೆ ನಿಜ, ಆದರೆ ಅದರ ಮೇಲೆ ಒಂದು ಟವೆಲ್ ನೇತಾಡದ ದಿನ ಕಡಿಮೆ. ನೇತು ಹಾಕುವವರು ನಮ್ಮ ಯಜಮಾನರೇ.

ಇಂಥ ಪ್ರಶ್ನೆ ಕೇಳಿದವರು ಸಿಕ್ಕಿಕೊಂಡರು ಅಂತಲೇ ಲೆಕ್ಕ. ಹೈಸ್ಕೂಲಿನಲ್ಲಿ ಗಣಿತ ಹೇಳುವವಳಿಗೆ ಕೇಳುವವರು ತಾವಾಗಿ ಸಿಕ್ಕರೆ ಸುಮ್ಮನೆ ಬಿಟ್ಟು ಅಭ್ಯಾಸವಿರುವುದಿಲ್ಲ. ನೀವೂ ಈಗ ಸಿಕ್ಕಿದ್ದೀರಿ, ಕೂತುಕೊಳ್ಳಿ.

ಬಡವನಹಳ್ಳಿಯಲ್ಲಿ ನಾವಿರುವುದು ನಾಲ್ಕು ಮನೆಗಳ ಒಂದು ಸಾಲಿನಲ್ಲಿ. ಗೋಡೆಯೂ ಕಲ್ಲು, ಮೇಲೆ ಹೊದಿಸಿದ್ದೂ ಕಲ್ಲಿನ ಚಪ್ಪಡಿ. ಮಧುಗಿರಿ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಕಲ್ಲಿಗೆ ಬಂದದ್ದಿಲ್ಲ. ಫೋನಿನ ಸಿಗ್ನಲ್ಲು ಹೊಸ್ತಿಲಿನವರೆಗೆ ಬಂದು ಅಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಹಾಗಾಗಿ ಬೀದಿಗೆ ಫೈಬರ್ ನೆಟ್ಟು ಬಂದಾಗ ಎಲ್ಲರಿಗೂ ಬೇಕಾಯಿತು. ಲೈನಿನ ಹುಡುಗರು ಕಂಬ ಹತ್ತಿ ನೋಡಿ, ಈ ಕಂಬದಲ್ಲಿ ಉಳಿದಿರುವುದು ಒಂದೇ ಕನೆಕ್ಷನ್ ಅಂದರು. ಟೀಚರಿಗೆ ಬೇಕಾಗುತ್ತದೆ ಅಂತ ಸಾಲಿನವರು ಅದನ್ನು ನಮಗೇ ಬಿಟ್ಟುಕೊಟ್ಟರು. ಮಾರನೆಯ ದಿನವೇ ಉಳಿದ ಮೂರು ಮನೆಯವರೂ ಒಬ್ಬರಾದ ಮೇಲೆ ಒಬ್ಬರು ಬಂದು, ಹೆಪ್ಪು ಕೇಳುವಷ್ಟು ಸಲೀಸಾಗಿ, "ನಮಗೂ ಒಂಚೂರು ಬುಡಿ ಮಿಸ್" ಅಂದರು.

ಇಲ್ಲ ಅನ್ನುವ ಬಾಯಿ ನನಗಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕೊರಟಗೆರೆಯಲ್ಲಿ. ಆಗ ನಮ್ಮ ಬೀದಿಗೆಲ್ಲ ಇದ್ದದ್ದು ಒಂದು ಫೋನು, ಎದುರುಮನೆಯ ಜವಳಿ ಅಂಗಡಿಯವರದು. ನಮ್ಮಪ್ಪ ಎಲ್ಲೇ ವಿಳಾಸ ಬರೆದುಕೊಟ್ಟರೂ ಕೆಳಗೆ ಅವರ ನಂಬರು ಹಾಕಿ ಪಕ್ಕದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನು ನಮ್ಮದಲ್ಲ, ಆದರೆ ಕೂಗಿ ಕರೆಯುತ್ತಾರೆ ಅನ್ನುವುದಕ್ಕೆ ಆ ಕಾಲದ ಗುರುತು ಅದು. ಬಹಳ ದಿನ ನಾನು ಅದನ್ನು ನಮ್ಮಪ್ಪನ ಡಿಗ್ರಿ ಅಂದುಕೊಂಡಿದ್ದೆ. ಫೋನು ಬಂದರೆ ಅಂಗಡಿಯ ಅಜ್ಜಿ ಬಾಗಿಲಿಗೆ ಬಂದು "ಪುಟ್ಟೀ, ನಿಮ್ಮ ಮಾವಂದು!" ಎಂದು ಕೂಗುತ್ತಿದ್ದರು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡುತ್ತಿದ್ದಳು. ಅಮ್ಮ ಮಾತಾಡುವಷ್ಟು ಹೊತ್ತೂ ಅಂಗಡಿಯವರು ಏನೂ ಕೇಳಿಸದವರ ಹಾಗೆ ಸೀರೆ ಮಡಿಸುತ್ತಿದ್ದರು. ಆ ಸೀರೆಗಳನ್ನು ಕೊಂಡವರಿಗೆ ನಮ್ಮ ಮನೆಯ ಗುಟ್ಟುಗಳು ಪುಕ್ಕಟೆಯಾಗಿ ಸಿಕ್ಕಿರಬೇಕು.

ಇರಲಿ, ನೆಟ್ಟಿನ ಮಾತಿಗೆ ಬರೋಣ. ಕಂಪನಿಯವರು ಕೂರಿಸಿಹೋದ ಡಬ್ಬಿಗೆ ವೈಫೈ ಇರಲಿಲ್ಲ, ಕೆಲಸ ಮಾಡುವ ತೂತೂ ಒಂದೇ. ಅದಕ್ಕೊಂದು ರೌಟರ್ ತಂದು ಸಿಕ್ಕಿಸಿ, ಅಲ್ಲಿಂದ ವೈರು ಎಳೆದಿದ್ದರೆ ಕೆಲಸ ಮುಗಿದುಹೋಗುತ್ತಿತ್ತು ಎಂದು ಬಲ್ಲವರು ಆಮೇಲೆ ಹೇಳಿದರು. ಆದರೆ ಅದೇ ಬೇಸಿಗೆಯಲ್ಲಿ ನಾನು ಮೇಷ್ಟ್ರುಗಳ ಕಂಪ್ಯೂಟರ್ ತರಬೇತಿಗೆ ಹೋಗಿ ಲಿನಕ್ಸ್ ಎಂಬ ತಂತ್ರಾಂಶ ಕಲಿತು ಬಂದಿದ್ದೆ. ಕಲಿತದ್ದನ್ನು ಎಲ್ಲಾದರೂ ಹಚ್ಚಲೇಬೇಕಿತ್ತು. ಅಟ್ಟದ ಮೇಲೆ ಸುಮ್ಮನೆ ಬಿದ್ದಿದ್ದ ಕಂಪ್ಯೂಟರನ್ನು ಇಳಿಸಿ, ಧೂಳು ಹೊಡೆದು, ಲಿನಕ್ಸ್ ಹಾಕಿ, ಒಳಗೆ ಬರುವ ವೈರಿಗೊಂದು ಬಾಯಿ, ಹೊರಗೆ ಹೋಗುವ ವೈರಿಗೊಂದು ಬಾಯಿ ಮಾಡಿಸಿದೆ. ಒಂದು ಮನೆಯ ವೈಫೈ ಕಲ್ಲುಗೋಡೆ ದಾಟಿ ಇನ್ನೊಂದಕ್ಕೆ ಹೋಗುವುದಿಲ್ಲವಲ್ಲ, ಅದಕ್ಕೆ ಮನೆಗೊಂದು ರೌಟರ್. ನಮ್ಮವರಿಗೆ ಮಧುಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಿದೆ. ಸುಟ್ಟ ಪಂಪುಸೆಟ್ಟಿನ ತಂತಿ ಸುತ್ತಿ ಸುತ್ತಿ ಪಳಗಿದ ಕೈ, ವೈರು ಎಳೆಯುವುದನ್ನು ಅವರೇ ಮಾಡಿದರು. ಈಗಲೂ ನೆಟ್ಟು ನಿಂತರೆ ಅವರು ಹೇಳುವುದು ಒಂದೇ, "ಸ್ಟಾರ್ಟರ್ ಹೋಗಿರ್ಬೇಕು ನೋಡು."

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುತ್ತ ನಾನು ಕೂತರೆ ಅವರು ಕಾಫಿ ತಂದಿಟ್ಟು ಸದ್ದಾಗದಂತೆ ಹೋಗುತ್ತಿದ್ದರು. ಮದುವೆಯಾದಾಗಿನಿಂದ ಸಿಗದಿದ್ದ ಮರ್ಯಾದೆ ಅದು. ಬೇಗ ಮುಗಿಯಬಹುದಾದ ಕೆಲಸವನ್ನು ನಾನು ಸ್ವಲ್ಪ ಎಳೆದೆ ಅಂತಲೂ ಹೇಳಿಬಿಡುತ್ತೇನೆ.

ಲಿನಕ್ಸಿನಲ್ಲಿ ಹೀಗೆ ಹಂಚುವುದಕ್ಕೆ ಒಂದು ಆಜ್ಞೆಯಿದೆ. ಅದರ ಹೆಸರಿನ ಅರ್ಥ ವೇಷ ಹಾಕುವುದು ಅಂತ. ಯಾವ ಮನೆಯಿಂದ ಏನು ಹೊರಟರೂ ಈ ಕಂಪ್ಯೂಟರು ಅದಕ್ಕೆ ನಮ್ಮ ಮನೆಯ ವೇಷ ತೊಡಿಸಿ ಆಚೆ ಕಳಿಸುತ್ತದೆ. ಉತ್ತರ ಬಂದಾಗ ವೇಷ ಕಳಚಿ, ಯಾರದೋ ಅವರಿಗೆ ತಲುಪಿಸುತ್ತದೆ. ಹೊರಗಿನ ಪ್ರಪಂಚಕ್ಕೆ ನಾವು ನಾಲ್ಕು ಮನೆಯಲ್ಲ, ಒಂದೇ ಮನೆ. ಹಾಲಿನ ಡೇರಿಯ ಸೆಕ್ರೆಟರಿ ನೋಡುವ ಕಬಡ್ಡಿ, ಓನರ್ ಮನೆಯ ಸೀರಿಯಲ್ಲು, ನನ್ನ ಪ್ರಶ್ನೆಪತ್ರಿಕೆ, ಎಲ್ಲ ಒಂದೇ ಹೆಸರಿನಲ್ಲಿ ಹೋಗಿಬರುತ್ತವೆ. ಇದನ್ನು ಓದಿಕೊಂಡ ದಿನ ನನಗೆ ಬಹಳ ಖುಷಿಯಾಗಿತ್ತು.

ಓನರ್ ಅಂದೆನಲ್ಲ, ಅವರು ಶಿವರುದ್ರಪ್ಪನವರು, ಹುಣಸೆಹಣ್ಣು ಕಡ್ಲೆಕಾಯಿ ವ್ಯಾಪಾರ. ನಾನು ಹಾಕಿಕೊಟ್ಟ ರೌಟರ್ ಅವರ ಅಂತಸ್ತಿಗೆ ಸಣ್ಣದಾಯಿತು. ಸಿರಾಕ್ಕೆ ಹೋದವರು ನಾಲ್ಕು ಕೊಂಬಿನದೊಂದು ತಂದರು. ಅಂಗಡಿಯ ಸಾಹೇಬರು "ಬೇಫಿಕರ್ ತಗೊಂಡೋಗಿ ಸಾವ್ಕಾರ್ರೇ, ಖುದ್ದು ನೀವೇ ಹಾಕ್ಕೋಬೋದು" ಅಂದರಂತೆ. ಖುದ್ದು ಹಾಕಿಕೊಂಡರು, ಬೇರೆ ತೂತಿಗೆ. ಇಸಿದುಕೊಳ್ಳಬೇಕಾದ ರೌಟರು ತಾನೇ ಯಜಮಾನನಾಗಿ ಎಲ್ಲರ ಫೋನುಗಳಿಗೂ ನಂಬರು ಹಂಚತೊಡಗಿತು. ಇತ್ತ ನನ್ನ ಕಂಪ್ಯೂಟರೂ ಹಂಚುತ್ತಿತ್ತು. ಒಂದು ಮದುವೆಗೆ ಇಬ್ಬರು ಉಸ್ತುವಾರಿಯವರಾದರೆ ಊಟ ಯಾರಿಗೂ ಸಿಗುವುದಿಲ್ಲ, ಹಾಗೆ ಅರ್ಧ ದಿನ ನಾಲ್ಕು ಮನೆಗೂ ನೆಟ್ಟಿಲ್ಲ. ಹುಡುಕಿ ಹೇಳಿದಾಗ ಶಿವರುದ್ರಪ್ಪನವರು ಒಂದಿಷ್ಟೂ ಬೆದರದೆ, "ತೂತು ಅಂದ್ರೆ ಎಲ್ಲಾ ತೂತೇ ಅಲ್ವಾ ಮಿಸ್? ಇಷ್ಟಕ್ಕೇ ಮುನಿಸ್ಕಂಡ್ರೆ ಹೆಂಗೆ ಅದು?" ಎಂದು ರೌಟರಿನ ಪರವಾಗಿ ನನ್ನನ್ನೇ ಕೇಳಿದರು.

ನಮಗೂ ಡೇರಿ ಸೆಕ್ರೆಟರಿಗೂ ನಡುವಿನ ಮನೆ ಸಣ್ಣೀರಮ್ಮನದು. ಬ್ಲೌಸ್ ಹೊಲಿಯುತ್ತಾಳೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬರದು. ಅವಳಕ್ಕ ದೊಡ್ಡೀರಮ್ಮ ಪಾವಗಡ ತಾಲ್ಲೂಕಿನ ನಿಡುಗಲ್ಲಿನಲ್ಲಿದ್ದಾಳೆ, ಅವಳಿಗೂ ಹಾಗೇ. ಕುರಿ ಕಾಯುವ ಮನೆತನ. ಇಬ್ಬರೂ ಶಾಲೆಯ ಮುಖ ಕಂಡವರಲ್ಲ. ಬೆಟ್ಟದ ಬುಡದಲ್ಲಿ ಕುರಿಗಳ ಹಿಂದೆ ಅಲೆಯುತ್ತ ತಮ್ಮಷ್ಟಕ್ಕೆ ಒಂದು ಕೈಭಾಷೆ ಕಟ್ಟಿಕೊಂಡಿದ್ದಾರೆ. ಬೆರಳುಗಳು ಮೇಲಿನಿಂದ ಇಳಿದರೆ ಮಳೆ ಎಂದು ನನಗೂ ತಿಳಿಯುತ್ತದೆ. ಮಣಿಕಟ್ಟನ್ನು ತಟ್ಟಿ ಕಣ್ಣು ಮುಚ್ಚಿದರೆ ಸತ್ತುಹೋದ ಒಂದು ಕಪ್ಪು ಮೇಕೆ ಎನ್ನುವುದು ಅವರಿಬ್ಬರಿಗೆ ಮಾತ್ರ ಗೊತ್ತು. ನನಗೂ ಒಂದು ಹೆಸರಿಟ್ಟಿದ್ದಾಳೆ. ಗಾಳಿಯಲ್ಲಿ ಸೀಮೆಸುಣ್ಣದಿಂದ ಗೀಚಿದ ಹಾಗೆ ಮಾಡಿ, ಆಮೇಲೆ ಕಣ್ಣು ದೊಡ್ಡದು ಮಾಡಿ ಗದರಿದ ಹಾಗೆ ತೋರಿಸಬೇಕು. ಚೆನ್ನಾಗಿಯೇ ಇದೆ.

ಅವಳಿಗೆ ನನ್ನದೊಂದು ಹಳೇ ಫೋನು ಕೊಟ್ಟಿದ್ದೆ. ಸಿಮ್ಮಿಲ್ಲ, ವೈಫೈ ಇದ್ದರೆ ವಿಡಿಯೋ ಕಾಲ್ ಆಗುತ್ತದೆ, ಅಷ್ಟೆ. ಅಕ್ಕನ ಕಡೆ ಇರುವ ಫೋನು ಸೊಸೆ ನಾಗಮಣಿಯದು. ಅವಳು ಪಾವಗಡದ ಸೋಲಾರ್ ಪ್ಲೇಟು ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ. ಬಿಸಿಲಿಳಿದ ಮೇಲಿನ ಪಾಳಿ, ಫೋನೂ ಅವಳ ಜೊತೆಗೇ ಹೋಗುತ್ತದೆ. ಮಂಗಳವಾರ, ಶುಕ್ರವಾರ ಅವಳಿಗೆ ರಜ. ಆ ದಿನಗಳಲ್ಲೂ ದೊಡ್ಡೀರಮ್ಮ ಕುರಿ ಹೊಡೆದುಕೊಂಡು ಮನೆಗೆ ಬರುವುದು ಸಂಜೆಗೇ, ಉಂಡು ಮಲಗುವುದೂ ಬೇಗ. ಹೀಗಾಗಿ ವಾರದಲ್ಲಿ ಆ ಎರಡು ಸಂಜೆ ಬಿಟ್ಟರೆ ಅಕ್ಕತಂಗಿಯರಿಗೆ ಮಾತಿಲ್ಲ. ಆ ಭಾಷೆಯಲ್ಲಿ ಮಾತಾಡಲು ಇಬ್ಬರಿಗೂ ಪ್ರಪಂಚದಲ್ಲಿ ಬೇರೆ ಯಾರೂ ಇಲ್ಲ.

ನಮಗೆಲ್ಲ ನೆಟ್ಟು ನಿಧಾನವಾದರೆ ಸಿಟ್ಟು ಬರುತ್ತದೆ. ಅವರಿಗೆ ಚಿತ್ರ ಹಿಡಿದುಕೊಂಡರೆ ಮಾತೇ ಗಂಟಲಲ್ಲಿ ನಿಂತಂತೆ. ಅದಕ್ಕೆ ನಾನು ಯಾರಿಗೂ ಹೇಳದೆ ಕಂಪ್ಯೂಟರಿನಲ್ಲಿ ಒಂದು ಏರ್ಪಾಟು ಮಾಡಿದ್ದೆ. ಸಂಜೆಯ ಹೊತ್ತು ಸಣ್ಣೀರಮ್ಮನ ಮನೆಯ ಪಾಲು ಮೊದಲು, ಉಳಿದದ್ದು ಉಳಿದವರಿಗೆ. ಶಿವರುದ್ರಪ್ಪನವರು "ಸಂಜೆ ಹೊತ್ತು ಯಾಕೋ ಸೀರಿಯಲ್ಲು ಎಳೀತದೆ ಮಿಸ್" ಎಂದರೆ, ಎಲ್ಲ ಕಡೆಯೂ ಹಾಗೇ ಸಾರ್ ಎನ್ನುತ್ತಿದ್ದೆ. ಬರೀ ರೌಟರಿನಲ್ಲಿ ಈ ಕೆಲಸ ಇಷ್ಟು ಚೊಕ್ಕಟವಾಗಿ ಆಗುತ್ತಿರಲಿಲ್ಲ ಎಂದು ಬಲ್ಲವರಿಗೆ ನನ್ನ ಉತ್ತರ.

ಇಷ್ಟರಲ್ಲಿ ನಮ್ಮತ್ತೆ ಬಂದರು. ಸಿರಾ ತಾಲ್ಲೂಕಿನ ಗೌಡಗೆರೆಯಲ್ಲಿ ನನ್ನ ಮೈದುನನ ಜೊತೆಗಿದ್ದವರು, ಕಡ್ಲೆಕಾಯಿ ಕಿತ್ತು ಮುಗಿದ ಮೇಲೆ ಮೊಣಕಾಲಿಗೆ ತೋರಿಸಿಕೊಳ್ಳುವುದಕ್ಕೆ ಬಂದು ಇಲ್ಲೇ ಉಳಿದರು. ಬಂದ ದಿನವೇ ಗೂಡಿನಲ್ಲಿ ಗುಂಯ್ ಎನ್ನುವ ಪೆಟ್ಟಿಗೆ ಏನೆಂದು ಕೇಳಿದರು. ನಾನು ಬಿಡುತ್ತೇನೆಯೆ? ಕೂರಿಸಿಕೊಂಡು ವಿವರಿಸಿದೆ.

"ನಮ್ಮನೆಗೆ ಬರೋದನ್ನ ಉಳಿದ ಮೂರು ಮನೆಗೂ ಕೊಡ್ತೀವಿ ಅತ್ತೆ. ಈ ಪೆಟ್ಟಿಗೆ ಹತ್ತಿದ್ರೆ ಕೊಟ್ಟ ಹಾಗೆ, ಆರಿದ್ರೆ ನಿಲ್ಲಿಸಿದ ಹಾಗೆ."

"ಅಂದ್ರೆ ಒಳೀಕ್ ಬಂದಿದ್ದು ಆಚೀಕ್ ಓಯ್ತಾನೇ ಇರ್ತದೆ?"

"ಹೌದು."

"ಇಡೀ ದಿವ್ಸ?"

"ಇಡೀ ದಿವಸ."

ಅತ್ತೆ ತಲೆಯಾಡಿಸಿದರು. ಇಷ್ಟು ಬೇಗ ಅರ್ಥ ಮಾಡಿಕೊಂಡರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಅದಾದ ಮೇಲೆ ದೂರು ಬರತೊಡಗಿತು. ಸಂಜೆ ಹೊತ್ತು ನೆಟ್ಟು ಹೋಗುತ್ತದೆ, ಆಮೇಲೆ ತಾನಾಗಿ ಬರುತ್ತದೆ. ಹತ್ತನೇ ತರಗತಿಗೆ ವಿಶೇಷ ಪಾಠ ಮುಗಿಸಿ ನಾನು ಮನೆ ಸೇರುವಾಗ ಕತ್ತಲಾಗಿ, ಅತ್ತೆಯ ಊಟವೂ ಮುಗಿದಿರುತ್ತದೆ. ಬಂದು ನೋಡಿದರೆ ಎಲ್ಲ ಸರಿ. "ನೀವು ಬಂದ್ರೆ ಬತ್ತದೆ ಮಿಸ್" ಎಂದು ಡೇರಿ ಸೆಕ್ರೆಟರಿ ಹೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕಂಪ್ಯೂಟರ್ ಕಾವೇರಿರಬೇಕು ಎಂದು ಬೆನ್ನಿಗೊಂದು ಫ್ಯಾನು ಇಟ್ಟೆ. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಶಿವರುದ್ರಪ್ಪನವರ ನಾಲ್ಕು ಕೊಂಬಿನ ಮೇಲೆ ಗುಮಾನಿಪಟ್ಟು ಅವರ ಮನೆಗೆ ಹೋಗಿ ಬಗ್ಗಿ ನೋಡಿ ಬಂದೆ. ಯಾವ ಯಾವ ವಾರ ಹೋಗುತ್ತದೆ ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ಮಕ್ಕಳಿಗಾದರೆ ಮೊದಲು ಲೆಕ್ಕ ಸರಿಯಾಗಿ ಓದಿ ಎಂದು ದಿನಾ ಕಿರಿಚುವವಳು ನಾನು.

ಸಣ್ಣೀರಮ್ಮ ದೂರು ಹೇಳಲಿಲ್ಲ. ಕೊಟ್ಟ ಬ್ಲೌಸುಗಳು ತಡವಾಗತೊಡಗಿದವು. ಬೆಳಿಗ್ಗೆ ಶಾಲೆಗೆ ಹೊರಟಾಗ ಫೋನು ತೋರಿಸಿ ಕೈ ತಿರುಗಿಸುತ್ತಿದ್ದಳು. ನಾನು ಅವಳ ಕೈಯಿಂದ ಇಸಿದುಕೊಂಡು ನೋಡಿ, ಬರುತ್ತಿದೆಯಲ್ಲ, ನೋಡು ಎಂದು ಸನ್ನೆ ಮಾಡಿ ಬಸ್ಸಿಗೆ ಓಡುತ್ತಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ ಶಾಲೆಗೆ ಫೋನು ಬಂತು, ನಿಡುಗಲ್ಲಿನ ನಾಗಮಣಿ. ಆ ಕಡೆಯವರ ಕನ್ನಡದಲ್ಲಿ ತೆಲುಗು ಬೆರೆತಿರುತ್ತದೆ, ತಂಗಿ ಅವಳ ಬಾಯಲ್ಲಿ ಚೆಲ್ಲಿ.

"ಮೇಡಂ, ಮಾ ಅತ್ತಮ್ಮ ಸರಿಯಾಗಿ ಊಟಾನೇ ಮಾಡ್ತಿಲ್ಲ. ಚೆಲ್ಲಿಗೆ ಏಮಾಯ್ತೋ ಅಂತ ಅಂಗೇ ಕುಂತವ್ಳೆ."

"ನಿಮ್ಮ ಚಿಕ್ಕತ್ತೆ ಚೆನ್ನಾಗೇ ಇದ್ದಾರಮ್ಮ. ಬೆಳಿಗ್ಗೆ ತಾನೇ ನೋಡಿದೆ. ಹೇಳು ಅವರಿಗೆ."

"ಚೆಪ್ಪಿದ್ನಲ್ಲಾ ಮೇಡಂ. ನನ್ ಕೈಸನ್ನೆ ನಂಬಲ್ಲ. ಏನೋ ಆಗೈತೆ, ನನ್ ತಾವ ಮುಚ್ಚಿಡ್ತೀರ ಅಂತ ಜಗಳ. ಕಣ್ಣಲ್ಲಿ ನೋಡ್ಬೇಕಂತೆ. ಇವತ್ತೂ ಕಾಣ್ದಿದ್ರೆ ಕುರಿ ಬುಟ್ಬುಟ್ಟು ನಡ್ಕಂಡೇ ಬಂದ್ಬುಡ್ತಾಳೆ ಮೇಡಂ. ಅವ್ಳಿಗೆ ದಾರಿ ಬೇರೆ ಗೊತ್ತಿಲ್ಲ."

ಬರುವ ಲಾರಿಯ ಸದ್ದೂ ಕೇಳಿಸದ ಹೆಂಗಸು ಆ ರಸ್ತೆಯಲ್ಲಿ ಒಬ್ಬಳೇ ನಡೆದು ಬರುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಆವತ್ತಿನ ವಿಶೇಷ ಪಾಠ ಬಿಟ್ಟು, ಸಂಜೆ ಬೆಳಕಿರುವಾಗಲೇ ಮನೆಗೆ ಬಂದೆ. ಇವತ್ತು ಆ ಕಂಪ್ಯೂಟರಿನ ಮುಂದಿನಿಂದ ಏಳುವುದಿಲ್ಲ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ನಮ್ಮತ್ತೆ ಮುಖ ತೊಳೆದು, ಕುಂಕುಮವಿಟ್ಟುಕೊಂಡು, ಒಂದು ಕೈಯಲ್ಲಿ ಬೆಂಕಿಪೊಟ್ಟಣ ಹಿಡಿದು ಗೂಡಿನ ಮುಂದೆ ನಿಂತಿದ್ದಾರೆ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಕಂಪ್ಯೂಟರಿನ ಗುಂಡಿಯನ್ನು ಒತ್ತಿ ಹಿಡಿದಿದ್ದಾರೆ. ಗುಂಯ್ ಎನ್ನುವ ಸದ್ದು ನಿಂತಿತು.

"ಅತ್ತೆ! ಏನ್ ಮಾಡ್ತಿದೀರಾ?"

"ಕಾಣಕಿಲ್ವಾ? ಆರಿಸ್ತಿವ್ನಿ."

"ಯಾಕೆ?"

"ಯಾಕೆ ಅಂದ್ರೆ? ಶುಕ್ರವಾರ ಕಣಮ್ಮ. ದೀಪ ಹಚ್ಚೋ ಹೊತ್ತು. ಮಂಗಳವಾರ ಶುಕ್ರವಾರ ದೀಪ ಹಚ್ಚಿದ್ ಮೇಲೆ ಉಪ್ಪು, ಮೊಸ್ರು, ದುಡ್ಡು ಮನೆಯಿಂದ ಆಚೀಕ್ ಕೊಟ್ಟೋರುಂಟಾ? ಲಕ್ಷ್ಮಿ ಓಯ್ತಾಳೆ. ನೀನೇ ಯೋಳ್ದಲ್ಲ, ಇದು ಹತ್ತಿದ್ರೆ ಕೊಟ್ಟಂಗೆ ಅಂತ. ಅದ್ಕೇ ಆರಿಸ್ತೀನಿ. ಉಂಡಾದ್ ಮೇಲೆ ಮತ್ತೆ ಹತ್ತಿಸ್ತೀನಲ್ಲ, ಕದ ಹಾಕಾದ್ ಮೇಲೆ ದೋಷಿಲ್ಲ."

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಹೇಳಿದ್ದನ್ನು ಹೇಳಿದಂತೆಯೇ ತಿಳಿದುಕೊಂಡು, ತಪ್ಪದೆ ನಡೆಸಿಕೊಂಡು ಬಂದ ವಿದ್ಯಾರ್ಥಿ ಇವರೊಬ್ಬರೇ. ಸಿಟ್ಟೂ ಬಂತು, ನಗುವೂ ಬಂತು, ಎರಡನ್ನೂ ನುಂಗಿಕೊಂಡು ಸಣ್ಣೀರಮ್ಮನ ವಿಷಯ ಹೇಳಿದೆ. ವಾರದಲ್ಲಿ ಎರಡು ಸಂಜೆ ಮಾತ್ರ ಅಂದೆ. ಆ ಅಕ್ಕ ಊಟ ಬಿಟ್ಟಿದ್ದಾಳೆ, ನಡೆದು ಬರುತ್ತೇನೆ ಅನ್ನುತ್ತಿದ್ದಾಳೆ ಅಂದೆ.

"ಫೋನಲ್ಲಿ ಮಾತಾಡ್ಕಂಡ್ರೆ ಆಗಕಿಲ್ವಾ?"

"ಅವರಿಗೆ ಕೇಳಿಸಲ್ಲ ಅತ್ತೆ. ಇಬ್ಬರಿಗೂ. ಮುಖ ಕಂಡ್ರೇನೇ ಮಾತು."

ಅತ್ತೆ ಬೆಂಕಿಪೊಟ್ಟಣವನ್ನೇ ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ ಹೇಳಿದರು, "ಬಂದಿದ್ಲು ಅವ್ಳು. ಓದ್ ಶುಕ್ರವಾರ, ಅದರ ಹಿಂದಿನ್ ಶುಕ್ರವಾರಾನೂವೆ. ಫೋನ್ ಇಡ್ಕಂಡು ಬಾಕ್ಲಾಗೆ ನಿಂತಿದ್ಲು. ಏನೋ ಈಸ್ಕಂಡೋಗಕ್ ಬಂದವ್ಳೆ, ಒತ್ತಲ್ಲದೊತ್ನಾಗೆ ಅಂತ ನಾಳೀಕ್ ಬಾರವ್ವ ಅಂತ ಕೈ ಆಡಿಸ್ಬುಟ್ಟೆ."

ನಾನೂ ಬೆಳಿಗ್ಗೆ ಬೆಳಿಗ್ಗೆ ಕೈಯಾಡಿಸಿ ಬಸ್ಸಿಗೆ ಓಡಿದವಳೇ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಸಣ್ಣೀರಮ್ಮ ಫೋನು ಹಿಡಿದು ನಿಂತಿದ್ದಳು. ಅತ್ತೆಯನ್ನು ಕಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಇನ್ನೂ ಹಚ್ಚಿಲ್ಲ," ಎಂದರು ಅತ್ತೆ.

"ಏನು?"

"ದೀಪ ಕಣೇ. ಇನ್ನೂ ಹಚ್ಚಿಲ್ಲ. ಹಚ್ಚಿದ್ ಮೇಲೆ ತಾನೆ ಕೊಡಬಾರ್ದು? ನಿನ್ ಪೆಟ್ಗೆ ಹತ್ತಿಸು. ಅವಳ್ನ ಒಳೀಕ್ ಕರಿ."

ಹಳೇ ಕಂಪ್ಯೂಟರು ಮೈ ಮುರಿದು ಏಳುವುದಕ್ಕೆ ತನ್ನ ಹೊತ್ತನ್ನು ತೆಗೆದುಕೊಂಡೇ ತೆಗೆದುಕೊಂಡಿತು. ಆಮೇಲೆ ರೌಟರಿನ ದೀಪಗಳು ಒಂದೊಂದಾಗಿ ಹಸಿರಾದವು. ಸಣ್ಣೀರಮ್ಮ ನಡುಮನೆಯ ಚಾಪೆಯ ಮೇಲೆ ಕೂತು, ಫೋನನ್ನು ಗೋಡೆಗೆ ಒರಗಿಸಿ, ಎರಡು ಕೈಯನ್ನೂ ಬಿಡುವು ಮಾಡಿಕೊಂಡಳು. ಅತ್ತ ಬೆಲ್ಲು ಹೊಡೆಯಿತೋ ಇಲ್ಲವೋ ದೊಡ್ಡೀರಮ್ಮನ ಮುಖ ಪರದೆ ತುಂಬ ಬಂತು, ಕಣ್ಣು ಮೂಗು ಬಿಟ್ಟರೆ ಬೇರೇನೂ ಕಾಣದಷ್ಟು ಹತ್ತಿರ. ತಂಗಿ ಇದ್ದಾಳೆ, ಕೈಕಾಲು ಸರಿಯಾಗಿವೆ ಎಂದು ಚೆನ್ನಾಗಿ ನೋಡಿಕೊಂಡಳು. ಆಮೇಲೆ ಹಿಂದೆ ಸರಿದು ಎರಡು ಕೈಯಲ್ಲೂ ಬೈಯತೊಡಗಿದಳು. ಅಷ್ಟು ಬೇಗ ಆಡುವ ಕೈಗಳನ್ನು ನಾನು ನೋಡಿ ಗೊತ್ತಿಲ್ಲ. ಸಣ್ಣೀರಮ್ಮನೂ ಬಿಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲು ಕೈಗೆ ಪುರುಸೊತ್ತಿರಲಿಲ್ಲ.

"ಏನಂತೆ?" ಎಂದರು ಅತ್ತೆ.

"ತಿಳೀತಿಲ್ಲ ಅತ್ತೆ. ಬೈತಿದ್ದಾರೆ."

"ಬೈಲಿ, ಬೈಲಿ. ಬೈದಾದ್ ಮೇಲೆ ತಾನೆ ಮಾತು."

ಹೊರಗೆ ಕತ್ತಲಾಯಿತು. ಓನರ್ ಮನೆಯಲ್ಲಿ ದೀಪ ಹಚ್ಚಿ ಗಂಟೆ ಬಾರಿಸಿದ್ದು ಕೇಳಿಸಿತು. ಅತ್ತೆ ದೇವರ ಗೂಡಿನ ಮುಂದೆ ಮಣೆ ಹಾಕಿಕೊಂಡು, ನೋಯುವ ಕಾಲು ನೀಡಿ, ಬೆಂಕಿಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ನಮ್ಮ ಮಾವ ಆಸ್ಪತ್ರೆಯಲ್ಲಿದ್ದ ಶುಕ್ರವಾರವೂ ಹೊತ್ತಿಗೆ ಸರಿಯಾಗಿ ದೀಪ ಹಚ್ಚಿ, ಆಮೇಲೆ ಬಸ್ಸು ಹತ್ತಿದ ಹೆಂಗಸು ಇವರು. ಲಕ್ಷ್ಮಿ ಬರುವ ಹೊತ್ತು ಮೀರುತ್ತಿದೆ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾಯಿತು, ಅತ್ತೆಯ ಮೇಲೆ ನನಗೆ ಅಂಥ ಪ್ರೀತಿ ಅದಕ್ಕೆ ಮೊದಲು ಬಂದಿರಲಿಲ್ಲ.

ಬೈಗುಳ ಮುಗಿದಿತ್ತು. ಈಗ ಕೈಗಳು ನಿಧಾನವಾಗಿದ್ದವು. ಅತ್ತಲಿಂದ ಅಕ್ಕ ಒಂದು ಕುರಿಮರಿಯನ್ನು ಎತ್ತಿ ತೋರಿಸಿದಳು. ಇತ್ತಲಿಂದ ಇವಳು ತಾನೇ ಹೊಲಿದು ತೊಟ್ಟಿದ್ದ ಬ್ಲೌಸಿನ ತೋಳು ತೋರಿಸಿದಳು.

ಮಧುಗಿರಿಯಿಂದ ನಮ್ಮವರು ಬಂದರು. ಬಾಗಿಲಲ್ಲೇ ನಿಂತು ಒಳಗೆ ನೋಡಿದರು. ಶುಕ್ರವಾರ, ಇಷ್ಟು ಹೊತ್ತಾಗಿದೆ, ದೇವರ ಮುಂದೆ ಕತ್ತಲು, ಅವ್ವ ಸುಮ್ಮನೆ ಕೂತಿದ್ದಾಳೆ. ಏನೋ ಆಗಬಾರದ್ದು ಆಗಿದೆ ಎಂದೇ ಅವರು ತಿಳಿದುಕೊಂಡರು.

"ಅವ್ವ!" ಎಂದು ಗಾಬರಿಯಿಂದ ಕೂಗಿದರು. "ದೀಪ ಯಾಕವ್ವ ಹಚ್ಚಿಲ್ಲ?"

ಅತ್ತೆ ತುಟಿಯ ಮೇಲೆ ಬೆರಳಿಟ್ಟು, ಚಾಪೆಯ ಮೇಲಿದ್ದವಳಿಗೆ ಎಲ್ಲಿ ತೊಂದರೆಯಾದೀತೋ ಎಂದು ಆದಷ್ಟು ಸಣ್ಣ ದನಿಯಲ್ಲಿ ಮಗನನ್ನು ಗದರಿದರು:

"ಮೆತ್ತಗ್ ಮಾತಾಡ್ಲಾ. ಅವ್ರಿನ್ನೂ ಮಾತಾಡ್ತಾವ್ರೆ."